ವಾರದ ರಜೆ ಹಿಡಿದು ‘ಒತ್ತಡ ನಿರ್ವಹಣೆ’ ಶಿಬಿರ: ಜೈಲು ಸಿಬ್ಬಂದಿಗೆ ನಿಜವಾಗಿ ಬೇಕಾಗಿರುವುದೇನು?

ರಾತ್ರಿಪಾಳಿ

ಎಲ್ಲರಿಗೂ ನಮಸ್ಕಾರ. ನಾನು ವಾರ್ಡರ್. ಯಾವ ಜೈಲು, ಯಾವ ಊರು ಎಂದು ಹೇಳುವುದಿಲ್ಲ, ದಯವಿಟ್ಟು ಕೇಳಲೂ ಬೇಡಿ.

ನಮಗೊಂದು ಸುತ್ತೋಲೆ ಬಂದಿದೆ. ಸಿಬ್ಬಂದಿಯ ಮಾನಸಿಕ ಆರೋಗ್ಯಕ್ಕೆ ಒಂದು ದಿನದ ಶಿಬಿರವಂತೆ. ಪರವಾಗಿಲ್ಲವೇ, ಕೊನೆಗೂ ನೆನಪಾಯಿತಲ್ಲ ಅಂದುಕೊಂಡೆ. ಆಮೇಲೆ ಕೆಳಗಿನ ಸಾಲು ಓದಿದೆ. ಡ್ಯೂಟಿಗೆ ಅಡಚಣೆಯಾಗದಂತೆ ವಾರದ ರಜೆಯ ದಿನವೇ ಬರಬೇಕು, ಬಾರದಿದ್ದವರು ಲಿಖಿತ ವಿವರಣೆ ಕೊಡಬೇಕು. ಇರುವ ಒಂದು ರಜೆಯೂ ಹೋಯಿತು. ಬೆಳಿಗ್ಗೆ ಭಾಷಣ, ಮಧ್ಯಾಹ್ನ ಉಸಿರಾಟದ ಅಭ್ಯಾಸ, ಸಂಜೆ ಗ್ರೂಪ್ ಫೋಟೋ. ಮರುದಿನ ಅದೇ ರೋಸ್ಟರ್.

ಉಸಿರಾಟದ ಅಭ್ಯಾಸದ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಕಥೆ ಬೇರೆ. ಕೆಲವು ತಿಂಗಳ ಹಿಂದೆ ರಾತ್ರಿ ಸುತ್ತಿನಲ್ಲಿ ಒಬ್ಬ ಬಂದಿ ಸೆಲ್‌ನಲ್ಲಿ ಸತ್ತಿರುವುದನ್ನು ಮೊದಲು ನೋಡಿದವನು ನಾನು. ಬೀಗ ತೆಗೆಯಲು ಹೋದರೆ ಗೊಂಚಲಿನಲ್ಲಿ ಆ ಸೆಲ್‌ನ ಕೀಲಿಯೇ ಸಿಗುತ್ತಿಲ್ಲ. ದಿನಾ ಕಣ್ಣು ಮುಚ್ಚಿಕೊಂಡು ತೆಗೆಯುತ್ತಿದ್ದ ಕೀಲಿ ಅದು. ಆಮೇಲೆ ಬಂದವರೆಲ್ಲ ಕೇಳಿದ್ದು ರಿಜಿಸ್ಟರ್ ಬಗ್ಗೆ. ಸುತ್ತು ಹೊಡೆದ ಸಮಯ ಬರೆದಿದ್ದೀಯಾ, ಎರಡು ಸುತ್ತಿನ ಮಧ್ಯೆ ಎಷ್ಟು ಹೊತ್ತಾಗಿತ್ತು, ಸಹಿ ಎಲ್ಲಿ. ಹೇಳಿಕೆ ಕೊಟ್ಟೆ. ಮರುದಿನ ರಾತ್ರಿ ನನ್ನನ್ನು ಅದೇ ಬ್ಲಾಕಿಗೆ ಹಾಕಿದರು.

ಈಗ ಮನೆಯಲ್ಲಿ ಮಲಗುವ ಮುಂಚೆ ಬಾಗಿಲ ಚಿಲಕವನ್ನು ಮತ್ತೆ ಮತ್ತೆ ನೋಡುತ್ತೇನೆ. ಕೀಲಿ ಎಲ್ಲಿದೆ ಎಂದು ಜೇಬು ಮುಟ್ಟಿಕೊಳ್ಳುತ್ತೇನೆ. ಇದಕ್ಕೆ ಶಿಬಿರದಲ್ಲಿ ಏನು ಸಿಗುತ್ತದೆ? ಈ ಕೆಲಸದಲ್ಲಿ ಇರುವವರು, ಇದ್ದು ಬಂದವರು, ವಿಷಯ ಗೊತ್ತಿರುವವರು ಹೇಳಿ. ನಿಮ್ಮಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಯಾವುದು?

ನಿವೃತ್ತ ಹೆಡ್‌ವಾರ್ಡರ್

ತಮ್ಮಾ, ಓದಿ ಹೊಟ್ಟೆ ಚುರುಕ್ ಅಂದಿತು. ಮೊದಲು ಒಂದು ಮಾತು. ಕೀಲಿ ಸಿಗದಿದ್ದದ್ದು ನಿನ್ನ ತಪ್ಪಲ್ಲ. ಅಂಥ ಹೊತ್ತಿನಲ್ಲಿ ಎಂಥವನ ಕೈಯೂ ಮಾತು ಕೇಳುವುದಿಲ್ಲ.

ಹೊರಗಿನವರು ಏನಂದುಕೊಳ್ಳುತ್ತಾರೆ ಗೊತ್ತಾ? ನಮಗೆ ಬಂದಿಗಳ ಭಯ ಅಂತ. ಭಯ ಇಲ್ಲವೆಂದಲ್ಲ. ಆದರೆ ಅವರಿಗೆ ಹೆದರಿ ನಿದ್ದೆ ಕೆಟ್ಟವರನ್ನು ನಾನು ನೋಡಿದ್ದು ಕಡಿಮೆ. ಜಾಮೀನು ಅರ್ಜಿ ವಜಾ ಆದ ದಿನ ಯಾರು ಗೋಡೆ ಕಡೆ ತಿರುಗಿ ಮಲಗುತ್ತಾರೆ, ಸಂದರ್ಶನಕ್ಕೆ ಮನೆಯವರು ಬಾರದಿದ್ದರೆ ಯಾರು ಸಂಜೆ ಎಣಿಕೆಯ ಹೊತ್ತಿಗೆ ಜಗಳ ತೆಗೆಯುತ್ತಾರೆ, ಇದೆಲ್ಲ ಕೆಲವು ವರ್ಷಕ್ಕೆ ಅಂದಾಜಿಗೆ ಸಿಗುತ್ತದೆ. ಅಂದಾಜಿಗೆ ಸಿಗದ್ದು ನಮ್ಮ ಕಡೆಯವರದು. ಪಾಳಿ ಮುಗಿಸಿ ಗೇಟಿಗೆ ಬಂದರೆ ರಿಲೀವರ್ ಬಂದಿಲ್ಲ, ಇನ್ನೊಂದು ಪಾಳಿ ಎಳೆದುಬಿಡು ಅನ್ನುತ್ತಾರೆ. ಒಬ್ಬ ಸಾಹೇಬರು ಸಡಿಲ ಬಿಡು ಅಂದದ್ದಕ್ಕೆ ಇನ್ನೊಬ್ಬರು ಮೆಮೊ ಕೊಡುತ್ತಾರೆ. ನಮ್ಮವರು ಹಣ್ಣಾಗುವುದು ಅಲ್ಲೇ.

ಹೊಸಬ್ಯಾಚ್

ಸರ್, ನಾನು ಸೇರಿ ಜಾಸ್ತಿ ದಿನ ಆಗಿಲ್ಲ. ಒಂದು ವಿಚಿತ್ರ ಅಭ್ಯಾಸ ಶುರುವಾಗಿದೆ. ಯಾರದ್ದಾದರೂ ಮನೆಗೆ ಹೋದರೂ, ಬಸ್ಸಿನಲ್ಲಿ ಕೂತರೂ ತಲೆ ಎಣಿಸುತ್ತೇನೆ. ಒಬ್ಬರು ಎದ್ದು ಹೋದರೆ ಮತ್ತೆ ಮೊದಲಿಂದ. ಬಾಗಿಲಿಗೆ ಬೆನ್ನು ಹಾಕಿ ಕೂರಲು ಆಗುವುದೇ ಇಲ್ಲ. ಗೆಳೆಯರು ನಗುತ್ತಾರೆ. ಇದು ಎಲ್ಲರಿಗೂ ಆಗುತ್ತದಾ, ನನಗೆ ಮಾತ್ರವಾ?

ಆಪ್ತಸಲಹೆಗಾರ್ತಿ

ಹೊಸಬ್ಯಾಚ್, ನಿಮಗೊಬ್ಬರಿಗೇ ಅಲ್ಲ. ನಾನು ಜೈಲು ಮತ್ತು ಪೊಲೀಸ್ ಸಿಬ್ಬಂದಿಯ ಜೊತೆ ಕೆಲಸ ಮಾಡಿದವಳು. ತಲೆ ಎಣಿಸುವುದು, ಬಾಗಿಲು ಕಾಣುವ ಕುರ್ಚಿ ಹುಡುಕುವುದು ತುಂಬಾ ಜನ ಹೇಳುವ ಮಾತು. ಒಳಗೆ ನಿಮ್ಮ ಕೆಲಸವೇ ಸದಾ ಎಚ್ಚರದಿಂದ ಇರುವುದು. ಮೈಗೆ ಆ ಎಚ್ಚರವನ್ನು ಗೇಟಿನಲ್ಲಿ ಬಿಟ್ಟು ಬರಲು ಗೊತ್ತಾಗುವುದಿಲ್ಲ. ಇದು ಕಾಯಿಲೆ ಅಲ್ಲ. ಆದರೆ ನಿದ್ದೆ ಕೆಡುತ್ತಿದ್ದರೆ, ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತಿದ್ದರೆ, ಜನರ ನಡುವೆ ಹೋಗುವುದನ್ನೇ ಬಿಟ್ಟಿದ್ದರೆ ಯಾರಿಗಾದರೂ ತೋರಿಸಿ.

ರಾತ್ರಿಪಾಳಿ, ನೀವು ಹೇಳಿದ್ದು ಸ್ವಲ್ಪ ಬೇರೆ. ಎರಡು ವಿಷಯ ಇಲ್ಲಿ ಕಲಸಿಕೊಳ್ಳುತ್ತವೆ, ಬಿಡಿಸಿ ಹೇಳುತ್ತೇನೆ.

ಒಂದು, ಕೆಲಸದ ಬಳಲಿಕೆ, ಇಂಗ್ಲಿಷಿನಲ್ಲಿ ಬರ್ನ್‌ಔಟ್ ಅನ್ನುತ್ತಾರಲ್ಲ, ಅದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ತನ್ನ ಕಾಯಿಲೆಗಳ ವರ್ಗೀಕರಣದಲ್ಲಿ ಇದನ್ನು ಕಾಯಿಲೆ ಎಂದು ಸೇರಿಸಲಿಲ್ಲ. ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಎಂದು ಬರೆಯಿತು. ಶಕ್ತಿಯೆಲ್ಲ ಬಸಿದುಹೋಗುತ್ತದೆ, ಕೆಲಸದ ಬಗ್ಗೆ ತಾತ್ಸಾರ ಬರುತ್ತದೆ, ಏನು ಮಾಡಿದರೂ ಅಷ್ಟೇ ಅನ್ನಿಸುತ್ತದೆ. ಜೈಲಿನಲ್ಲಿ ಆ ತಾತ್ಸಾರ ಬೇಗ ಕಾಣುತ್ತದೆ. ಬಂದಿಯ ಹೆಸರು ಹೋಗಿ ನಂಬರ್ ಮಾತ್ರ ಉಳಿಯುತ್ತದೆ. ಇದು ನಿಧಾನಕ್ಕೆ, ವರ್ಷಗಟ್ಟಲೆ ಬರುವಂಥದ್ದು.

ಇನ್ನೊಂದು, ಆಘಾತ. ಕಣ್ಣೆದುರಿನ ಒಂದು ಘಟನೆ ತಲೆಯೊಳಗೆ ಮತ್ತೆ ಮತ್ತೆ ನಡೆಯುವುದು. ಮೊದಲ ಕೆಲವು ವಾರ ಹೀಗಾಗುವುದು ಸಹಜ, ತುಂಬಾ ಜನರಿಗೆ ತಾನಾಗಿಯೇ ಇಳಿಯುತ್ತದೆ. ತಿಂಗಳು ದಾಟಿದರೂ ಇಳಿಯದಿದ್ದರೆ, ಕೆಲಸ ಅಥವಾ ಮನೆಯ ಬದುಕು ಕೆಡುತ್ತಿದ್ದರೆ ಮನೋವೈದ್ಯರನ್ನು ನೋಡಲೇಬೇಕು. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಇನ್ನೊಂದು ಮಾತು ಸ್ಪಷ್ಟ ಮಾಡಿತು. ಕೆಲಸದ ಭಾಗವಾಗಿ ಇಂಥದ್ದನ್ನು ಪದೇ ಪದೇ ಎದುರಿಸುವವರಿಗೂ ಆಘಾತದ ನಂತರದ ಕಾಯಿಲೆ ಬರಬಹುದು. ‘ನಿನ್ನ ಕೆಲಸವೇ ಅದು, ಅಭ್ಯಾಸ ಆಗಬೇಕು’ ಎನ್ನುವವರಿಗೆ ಇದನ್ನು ತೋರಿಸಿ.

ನಿಮ್ಮದು ತಿಂಗಳು ದಾಟಿದೆ. ಶಿಬಿರಕ್ಕೆ ಕಾಯಬೇಡಿ.

ದೂರದಿಂದ ನೋಡುವವ

ನಾನು ಈ ಇಲಾಖೆಯವನಲ್ಲ. ಆದರೂ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಒಳಗಿರುವ ಬಂದಿಗಳ ಪಾಡು ಇನ್ನೂ ಕೆಟ್ಟದ್ದಲ್ವಾ? ಅವರನ್ನು ಬಿಟ್ಟು ಕಾವಲುಗಾರರ ಮನಸ್ಸಿನ ಬಗ್ಗೆ ಯಾಕಿಷ್ಟು? 1971ರ ಸ್ಟ್ಯಾನ್‌ಫರ್ಡ್ ಪ್ರಯೋಗ ಎಲ್ಲರಿಗೂ ಗೊತ್ತು. ಸಾಮಾನ್ಯ ಹುಡುಗರಿಗೆ ಸಮವಸ್ತ್ರ ಹಾಕಿ ಜೈಲರ್ ಮಾಡಿದರೆ ಆರೇ ದಿನದಲ್ಲಿ ಕ್ರೂರರಾದರು. ಅಧಿಕಾರ ಕೈಗೆ ಬಂದರೆ ಹೀಗೇ.

ಹಳೇ ಕಾಗದ

ಈ ಪ್ರಯೋಗದ ಮಾತು ಬಂದಾಗಲೆಲ್ಲ ನಾನು ಸುಮ್ನೆ ಇರಲಾರೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ಮನೋವಿಜ್ಞಾನಿ ಫಿಲಿಪ್ ಜಿಂಬಾರ್ಡೊ ಅದನ್ನು ನಡೆಸಿದ್ದು 1971ರ ಆಗಸ್ಟ್‌ನಲ್ಲಿ. ಎರಡು ವಾರ ಎಂದು ಶುರುವಾಗಿದ್ದು ಆರನೇ ದಿನಕ್ಕೆ ನಿಂತಿತು, ಅದು ನಿಜ. ಆದರೆ ಆ ಹುಡುಗರು ತಾವಾಗಿಯೇ ಕ್ರೂರರಾದರು ಎನ್ನುವುದನ್ನು ಈಗ ಯಾರೂ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಜಿಂಬಾರ್ಡೊ ಬರೀ ನೋಡುತ್ತಾ ಕೂತಿರಲಿಲ್ಲ, ಆ ಜೈಲಿನ ಸೂಪರಿಂಟೆಂಡೆಂಟ್ ಪಾತ್ರವನ್ನೂ ಅವರೇ ವಹಿಸಿದ್ದರು. ಕಾವಲುಗಾರನಾಗಿದ್ದ ಒಬ್ಬ ಹುಡುಗ ಮೆತ್ತಗಿದ್ದಾನೆ ಎಂದು ಜಿಂಬಾರ್ಡೊ ಅವರ ಸಹಾಯಕನೊಬ್ಬ ಅವನಿಗೆ ಬಿಗಿಯಾಗಿರಲು ಒತ್ತಾಯಿಸಿದ ಮಾತು ಧ್ವನಿಮುದ್ರಣದಲ್ಲೇ ಸಿಕ್ಕಿದೆ. ಕೆಟ್ಟದ್ದು ಮೇಲಿನಿಂದ ಇಳಿಯಿತು ಅನ್ನಿ.

ಇನ್ನೊಂದು ಪ್ರಯೋಗ ಇದೆ, ಅದರ ಸುದ್ದಿ ಯಾರೂ ಎತ್ತುವುದಿಲ್ಲ. ಬ್ರಿಟನ್ನಿನಲ್ಲಿ ಅಲೆಕ್ಸ್ ಹ್ಯಾಸ್ಲಂ ಮತ್ತು ಸ್ಟೀಫನ್ ರೈಕರ್ ಎಂಬ ಇಬ್ಬರು ಮನೋವಿಜ್ಞಾನಿಗಳು ಬಿಬಿಸಿಯ ಜೊತೆ ಸೇರಿ ಮಾಡಿದ್ದು. 2002ರಲ್ಲಿ ಟೀವಿಯಲ್ಲೂ ಬಂತು. ಅಲ್ಲಿ ಕಾವಲುಗಾರರಿಗೆ ಹೀಗೇ ಇರಿ ಎಂದು ಯಾರೂ ಹೇಳಿಕೊಡಲಿಲ್ಲ. ಏನಾಯಿತು ಗೊತ್ತಾ? ಕಾವಲುಗಾರರಲ್ಲೇ ಒಮ್ಮತ ಬರಲಿಲ್ಲ. ಒಬ್ಬನಿಗೆ ಅಧಿಕಾರ ತೋರಿಸಲು ಸಂಕೋಚ, ಇನ್ನೊಬ್ಬನಿಗೆ ಶಿಸ್ತು ಬೇಕು. ಬಂದಿಗಳು ಮೊದಲು ಬಿಡಿಬಿಡಿಯಾಗಿದ್ದರು, ಆಮೇಲೆ ಒಂದಾದರು. ದಿನ ಕಳೆದಂತೆ ಒತ್ತಡ, ಬಳಲಿಕೆ ಜಾಸ್ತಿಯಾದದ್ದು ಕಾವಲುಗಾರರಲ್ಲಿ. ಆರನೇ ದಿನ ಅವರ ಆಡಳಿತವೇ ಬಿದ್ದುಹೋಯಿತು.

ಎರಡೂ ನಾಟಕದ ಜೈಲುಗಳೇ. ನಿಜವಾದ ವಾರ್ಡರ್ ಒಬ್ಬನೂ ಅವುಗಳಲ್ಲಿ ಇರಲಿಲ್ಲ, ಹಾಗಾಗಿ ಜಾಸ್ತಿ ಎಳೆದು ಹೇಳಬಾರದು. ಆದರೂ ನಿವೃತ್ತ ಹೆಡ್‌ವಾರ್ಡರ್ ಮೇಲೆ ಬರೆದದ್ದನ್ನು ಓದಿದಾಗ ನನಗೆ ನೆನಪಾದದ್ದು ಈ ಎರಡನೆಯದು. ಎದುರಿಗಿರುವವರಿಗಿಂತ ಪಕ್ಕದಲ್ಲಿರುವವರು ಕೈಬಿಟ್ಟಾಗ ಮನುಷ್ಯ ಬೇಗ ಕುಸಿಯುತ್ತಾನೆ.

ರಾತ್ರಿಪಾಳಿ

ದೂರದಿಂದ ನೋಡುವವರೇ, ಬೇಸರ ಇಲ್ಲ. ಒಂದೇ ಮಾತು. ಎರಡು ಪಾಳಿ ಎಳೆದು ಕಣ್ಣು ಉರಿಯುತ್ತಿರುವವನು ಸೆಲ್‌ನೊಳಗೆ ಇಣುಕಿ ನೋಡುವುದಕ್ಕೂ, ನಿದ್ದೆ ಮಾಡಿ ಬಂದವನು ನೋಡುವುದಕ್ಕೂ ವ್ಯತ್ಯಾಸ ಇದೆ. ಮಲಗಿರುವವನು ಮಲಗಿದ್ದಾನಾ, ಬೇರೆ ಏನಾದರೂ ಆಗಿದೆಯಾ ಎಂದು ತಿಳಿಯುವುದು ಆ ವ್ಯತ್ಯಾಸದಲ್ಲಿ. ಬಂದಿಯ ಪಾಡು ನಮ್ಮ ಪಾಡಿನಿಂದ ಬೇರೆ ಇಲ್ಲ.

ಆಪ್ತಸಲಹೆಗಾರ್ತಿ ಮೇಡಂ, ಥ್ಯಾಂಕ್ಸ್. ವೈದ್ಯರನ್ನು ನೋಡುತ್ತೇನೆ. ಆದರೆ ಇಲಾಖೆಗೆ ಗೊತ್ತಾದರೆ? ಬಡ್ತಿ ಹೊತ್ತಿಗೆ ಯಾರಾದರೂ ಫೈಲ್ ತೆಗೆದರೆ?

ಮನೆಯಿಂದ

ನಾನು ವಾರ್ಡರ್ ಹೆಂಡತಿ. ಓದುತ್ತಾ ಇದ್ದೆ, ಬರೆಯುವುದೋ ಬೇಡವೋ ಅಂದುಕೊಂಡು ಬರೆಯುತ್ತಿದ್ದೇನೆ.

ಇವರು ಡ್ಯೂಟಿ ಮುಗಿಸಿ ಬಂದು ಗಾಡಿ ನಿಲ್ಲಿಸಿ ಅದರ ಮೇಲೇ ಸುಮಾರು ಹೊತ್ತು ಕೂತಿರುತ್ತಾರೆ. ಕಿಟಕಿಯಿಂದ ಕಾಣುತ್ತದೆ. ಒಳಗೆ ಬಂದ ಮೇಲೆ ಮಾತೆಲ್ಲ ಆರ್ಡರ್. ‘ಲೈಟ್ ಆರಿಸು.’ ‘ಎಲ್ಲಿಗೆ ಹೋಗಿದ್ದೆ? ಯಾರ ಜೊತೆ?’ ಮಗನ ಬ್ಯಾಗ್‌ನ ಜಿಪ್ ತೆಗೆದು ಒಂದೊಂದಾಗಿ ಹೊರಗಿಟ್ಟು ನೋಡುತ್ತಾರೆ. ಮಗ ಈಗ ಅಪ್ಪ ಬರುವ ಹೊತ್ತಿಗೆ ಬ್ಯಾಗನ್ನು ತಾನೇ ತೆಗೆದು ತೋರಿಸಲು ಶುರುಮಾಡಿದ್ದಾನೆ. ನನಗೆ ಅಳು ಬಂತು.

ಏನಾಯಿತು ಅಂತ ಕೇಳಿದರೆ ಏನೂ ಇಲ್ಲ ಅನ್ನುತ್ತಾರೆ. ಜಾಸ್ತಿ ಕೇಳಿದರೆ ನಿನಗೆ ಅರ್ಥ ಆಗಲ್ಲ ಅನ್ನುತ್ತಾರೆ. ಕೇಳಬೇಕಾ, ಬಿಡಬೇಕಾ?

ನಿವೃತ್ತ ಹೆಡ್‌ವಾರ್ಡರ್

ಅಮ್ಮಾ, ನಿಮ್ಮ ಯಜಮಾನರು ಬ್ಯಾಗ್ ನೋಡುವಾಗ ಮಗನನ್ನು ನೋಡುತ್ತಿಲ್ಲ. ಕೈಗೆ ಅಂಟಿದ ಕೆಲಸ ಅದು. ನನ್ನ ಮನೆಯಲ್ಲೂ ಇದೇ ರಾಮಾಯಣ ನಡೆದಿತ್ತು. ಗಾಡಿ ಮೇಲೆ ಕೂರುವುದನ್ನು ಮಾತ್ರ ತಪ್ಪಿಸಬೇಡಿ. ಅಷ್ಟು ಹೊತ್ತು ಅವರಿಗೆ ಬೇಕು. ಮನೆಯೊಳಗೆ ಬಂದು ಸಮವಸ್ತ್ರ ಬಿಚ್ಚಿ ಸ್ನಾನ ಮಾಡುವ ತನಕ ಯಾವ ಲೆಕ್ಕವನ್ನೂ ಎತ್ತಬೇಡಿ.

ಆಪ್ತಸಲಹೆಗಾರ್ತಿ

ಅಕ್ಕಾ, ‘ಏನಾಯಿತು’ ಎಂದು ಕೇಳಿದರೆ ಅದು ಅವರಿಗೆ ವಿಚಾರಣೆಯ ಹಾಗೆ ಕೇಳಿಸಬಹುದು. ದಿನವಿಡೀ ಅವರು ಆ ಪ್ರಶ್ನೆ ಕೇಳುತ್ತಾರೆ, ಇಲ್ಲವೇ ಉತ್ತರಿಸುತ್ತಾರೆ. ಅದರ ಬದಲು ನೀವು ಕಂಡದ್ದನ್ನು ಹೇಳಿ. ‘ನೀವು ಸರಿಯಾಗಿ ಮಲಗಿ ತುಂಬಾ ದಿನ ಆಯಿತು, ನನಗೆ ಚಿಂತೆ ಆಗಿದೆ.’ ಅಷ್ಟೇ. ಉತ್ತರಕ್ಕೆ ಕಾಯದೆ ಬಿಟ್ಟುಬಿಡಿ. ಕೆಲವರು ಎರಡು ದಿನ ಬಿಟ್ಟು, ಬೇರೇನೋ ಕೆಲಸ ಮಾಡುತ್ತಾ ಬಾಯಿಬಿಡುತ್ತಾರೆ.

ಮಗನ ವಿಷಯ ಮಾತ್ರ ಬಿಡಬೇಡಿ. ಬ್ಯಾಗ್ ನೋಡುವುದು ನಿಲ್ಲಬೇಕು ಎಂದು ನೇರವಾಗಿ, ಮಗ ಇಲ್ಲದ ಹೊತ್ತಿನಲ್ಲಿ ಹೇಳಿ.

ಇನ್ನೊಂದು. ಕುಡಿತ ಜಾಸ್ತಿ ಆಗಿದ್ದರೆ, ‘ನಾನಿಲ್ಲದಿದ್ದರೇ ಒಳ್ಳೆಯದು’ ಅನ್ನುವ ಥರದ ಮಾತು ಬಂದಿದ್ದರೆ ಅದನ್ನು ತಮಾಷೆ ಎಂದು ತಳ್ಳಿಹಾಕಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿಯೇ ಕೇಳಬಹುದು. ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುತ್ತದೆ ಎನ್ನುವುದು ತಪ್ಪು ನಂಬಿಕೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಿರ್ವಾಹಕ

ಇದನ್ನು ಓದುತ್ತಿರುವ ಯಾರಿಗಾದರೂ ಈಗಲೇ ಅಂಥ ಯೋಚನೆ ಇದ್ದರೆ, ಇಲ್ಲಿ ಬರೆದು ಉತ್ತರಕ್ಕೆ ಕಾಯಬೇಡಿ. ನಿಮ್ಮ ಕಡೆಯ ಸಹಾಯವಾಣಿಗೋ ತುರ್ತು ಸಂಖ್ಯೆಗೋ ಕರೆ ಮಾಡಿ, ಹತ್ತಿರದವರೊಬ್ಬರಿಗೆ ತಿಳಿಸಿ. ಚರ್ಚೆ ಮುಂದುವರಿಯಲಿ.

ಕುರ್ಚಿಯ ಈ ಕಡೆ

ನಾನು ರೋಸ್ಟರ್‌ಗೆ ಸಹಿ ಹಾಕುವವನು. ಇಲ್ಲಿ ಮೇಲಿನವರನ್ನೆಲ್ಲ ರಾಕ್ಷಸರ ಸಾಲಿಗೆ ಸೇರಿಸುತ್ತಿದ್ದೀರಿ, ನಮ್ಮ ಮಾತೂ ಕೇಳಿ.

ಮಂಜೂರಾದ ಹುದ್ದೆಯೇ ಕಡಿಮೆ, ಅದರಲ್ಲೂ ಖಾಲಿ. ಬೆಳಿಗ್ಗೆ ಇಬ್ಬರು ಅನಾರೋಗ್ಯದ ರಜೆ ಹಾಕಿದರೆ, ಇಬ್ಬರು ಬಂದಿಗಳನ್ನು ಆಸ್ಪತ್ರೆಗೆ ಕರೆದೊಯ್ದರೆ ನನ್ನ ಪಟ್ಟಿ ಹರಿದುಹೋಗುತ್ತದೆ. ಟವರ್ ಖಾಲಿ ಬಿಡಲಾ, ಬ್ಲಾಕ್ ಖಾಲಿ ಬಿಡಲಾ? ಅದೇ ಬ್ಲಾಕಿಗೆ ಮತ್ತೆ ಹಾಕಿದರು ಎಂದು ರಾತ್ರಿಪಾಳಿ ಬರೆದಿದ್ದಾರೆ. ಬಹುಶಃ ಯಾರೂ ಬೇಕಂತ ಹಾಕಿರಲಿಕ್ಕಿಲ್ಲ, ಪಟ್ಟಿ ಹಿಂದಿನ ವಾರವೇ ಆಗಿರುತ್ತದೆ.

ಇನ್ನು ಆಯುಧದ ವಿಷಯ. ಮನಸ್ಸು ಸರಿಯಿಲ್ಲ ಎಂದು ಒಬ್ಬ ಬಂದು ಹೇಳಿದರೆ ನಾನು ಅವನ ಕೈಗೆ ಬಂದೂಕು ಕೊಟ್ಟು ಕಾವಲಿಗೆ ನಿಲ್ಲಿಸಲಾರೆ. ತೆಗೆದರೆ ಇಡೀ ಕ್ವಾರ್ಟರ್ಸ್‌ಗೆ ಸುದ್ದಿ. ತೆಗೆಯದೆ ಏನಾದರೂ ಆದರೆ ನನ್ನ ಕೊರಳಿಗೆ. ಹಾಗಾಗಿ ಯಾರೂ ಬಂದು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಇದು ಸರಿ ಎಂದು ಹೇಳುತ್ತಿಲ್ಲ. ಇರುವುದು ಹೀಗೆ.

ಮಹಿಳಾ ವಾರ್ಡರ್

ಸರ್, ಪಟ್ಟಿ ಹಿಂದಿನ ವಾರ ಆಗಿತ್ತು ಅಂದಿರಿ. ಒಂದು ಹೆಸರು ಹೊಡೆದು ಇನ್ನೊಂದು ಬರೆಯಲು ಎಷ್ಟು ಹೊತ್ತು ಬೇಕು? ಸಾಹೇಬರ ಕಡೆಯವರಿಗೆ ರಜೆ ಬೇಕಾದಾಗ ಸಂಜೆ ಆರಕ್ಕೂ ಪಟ್ಟಿ ಬದಲಾಗಿದ್ದನ್ನು ನೋಡಿದ್ದೇನೆ.

ನಮ್ಮ ಬ್ಲಾಕಿನ ಕಷ್ಟ ಇಲ್ಲಿ ಯಾರೂ ಬರೆದಿಲ್ಲ, ನಾನೇ ಬರೆಯುತ್ತೇನೆ. ತಾಯಿಯ ಜೊತೆ ಒಳಗೇ ಇರುವ ಸಣ್ಣ ಮಕ್ಕಳು ನಮ್ಮನ್ನು ಆಂಟಿ ಅನ್ನುತ್ತವೆ, ಸೆರಗು ಹಿಡಿದುಕೊಂಡು ಬರುತ್ತವೆ. ವಯಸ್ಸು ಮೀರಿದ ಮೇಲೆ ಮಗುವನ್ನು ಹೊರಗೆ ಕಳಿಸಬೇಕು. ತಾಯಿಯ ಕೈಯಿಂದ ಬಿಡಿಸಿ ಗೇಟಿನ ತನಕ ಎತ್ತಿಕೊಂಡು ಹೋಗುವುದು ನಾವೇ. ಯಾವ ರಿಜಿಸ್ಟರಿನಲ್ಲೂ ಇದು ‘ಘಟನೆ’ ಅಲ್ಲ. ರಕ್ತ ಇಲ್ಲ, ಗಲಾಟೆ ಇಲ್ಲ, ವಿಚಾರಣೆ ಇಲ್ಲ. ಮನೆಗೆ ಹೋಗಿ ನನ್ನ ಮಗಳನ್ನು ಎತ್ತಿಕೊಳ್ಳಲು ಅವತ್ತು ಆಗಲಿಲ್ಲ.

ಸಂದರ್ಶನಕ್ಕೆ ಬರುವ ಹೆಂಗಸರ ಮೈ ತಪಾಸಣೆ ಮಾಡಬೇಕು. ಅವರ ಕಣ್ಣಿನಲ್ಲಿ ನಮ್ಮ ಬಗ್ಗೆ ಏನಿರುತ್ತದೆ ಎಂದು ನಮಗೆ ಗೊತ್ತು. ಆದರೂ ಮುಖ ಬಿಗಿಯಾಗಿಟ್ಟುಕೊಂಡು ಮಾಡಬೇಕು. ಮುಖ ಬಿಗಿ ಹಿಡಿಯುವುದೂ ಒಂದು ಕೆಲಸವೇ, ಅದಕ್ಕೆ ಸಂಬಳ ಮಾತ್ರ ಇಲ್ಲ.

ಹಳೇ ಕಾಗದ

ಮಹಿಳಾ ವಾರ್ಡರ್ ಹೇಳಿದ ಕೊನೆಯ ಮಾತನ್ನು ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲೇ ಎತ್ತಿದ್ದರು. ಅವರು ನೋಡಿದ್ದು ವಿಮಾನದ ಪರಿಚಾರಕಿಯರನ್ನು ಮತ್ತು ಸಾಲ ವಸೂಲಿ ಮಾಡುವವರನ್ನು. ಒಬ್ಬರು ನಗು ಹೊತ್ತು ನಿಲ್ಲಬೇಕು, ಇನ್ನೊಬ್ಬರು ಗಡಸುತನ. ವಾರ್ಡರ್ ಒಂದೇ ಪಾಳಿಯಲ್ಲಿ ಎರಡನ್ನೂ ಮಾಡುತ್ತಾನೆ.

ರೋಸ್ಟರ್ ಹುಚ್ಚ

ಕುರ್ಚಿಯ ಈ ಕಡೆ ಇರುವ ಸರ್‌ಗೆ: ಜನ ಕಡಿಮೆ, ಒಪ್ಪಿದೆ. ಇರುವಷ್ಟೇ ಜನರನ್ನು ಇಟ್ಟುಕೊಂಡು ಮಾಡಬಹುದಾದದ್ದೂ ಇದೆ.

ಪಾಳಿ ತಿರುಗುವ ದಿಕ್ಕು ನೋಡಿ. ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಹೋದರೆ ಮೈ ಹೇಗೋ ಹೊಂದಿಕೊಳ್ಳುತ್ತದೆ. ನಮ್ಮಲ್ಲಿ ರಾತ್ರಿಯಿಂದ ಹಿಂದಕ್ಕೆ ಬರುತ್ತಿತ್ತು, ಅದು ಕಷ್ಟ. ರಾತ್ರಿ ಮುಗಿಸಿದವನನ್ನು ಅದೇ ದಿನ ಮಧ್ಯಾಹ್ನ ಕರೆಯುವುದು ಇನ್ನೂ ಕೆಟ್ಟದ್ದು. ರಾತ್ರಿ ಪಾಳಿ ಬರೀ ನಿದ್ದೆಯ ಮಾತಲ್ಲ ಸರ್. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 2007ರಲ್ಲಿ ದೇಹದ ಗಡಿಯಾರ ಕೆಡಿಸುವ ಪಾಳಿ ಕೆಲಸವನ್ನು ಬಹುಶಃ ಕ್ಯಾನ್ಸರ್‌ಕಾರಕ ಎಂಬ ಗುಂಪಿಗೆ ಸೇರಿಸಿತು, 2019ರಲ್ಲಿ ಮತ್ತೆ ನೋಡಿ ರಾತ್ರಿ ಪಾಳಿಯನ್ನು ಅದೇ ಗುಂಪಿನಲ್ಲಿ ಇಟ್ಟಿತು.

ಪಟ್ಟಿಯನ್ನು ಮುಂಚಿತವಾಗಿ ಹಾಕುವುದಕ್ಕೆ ಒಬ್ಬ ಹೊಸ ಸಿಬ್ಬಂದಿಯೂ ಬೇಡ. ಮುಂದಿನ ತಿಂಗಳು ಯಾವ ದಿನ ರಜೆ ಎಂದು ಗೊತ್ತಿದ್ದರೆ ಮನುಷ್ಯ ಎಷ್ಟೋ ತಡೆದುಕೊಳ್ಳುತ್ತಾನೆ. ಇದು ನನ್ನ ಅನುಭವದ ಮಾತು.

ಟವರ್ ನಂಬರ್ ಮೂರು

ನಮ್ಮಲ್ಲಿ ಒಂದು ದೊಡ್ಡ ಗಲಾಟೆ ಆದ ಮೇಲೆ ಎಲ್ಲರನ್ನೂ ಒಂದು ಹಾಲ್‌ನಲ್ಲಿ ಕೂರಿಸಿ, ಒಬ್ಬೊಬ್ಬರೇ ಎದ್ದು ನೀವು ಏನು ನೋಡಿದಿರಿ, ಏನನ್ನಿಸಿತು ಹೇಳಿ ಅಂದರು. ಹೊರಗಿನಿಂದ ಯಾರೋ ತಜ್ಞರು ಬಂದಿದ್ದರು. ಹಿಂದಿನ ಸಾಲಿನಲ್ಲಿ ಸಾಹೇಬರೂ ಇದ್ದರು! ಯಾರು ಬಾಯಿ ಬಿಡುತ್ತಾರೆ? ಒಬ್ಬ ಹುಡುಗ ಪಾಪ, ಎಲ್ಲಾ ಹೇಳಿದ. ಅವನು ಹೇಳಿದ್ದನ್ನು ಕೇಳಿ ಆ ಕಡೆ ಡ್ಯೂಟಿಯಲ್ಲೇ ಇಲ್ಲದಿದ್ದ ಇನ್ನಿಬ್ಬರಿಗೆ ಕೆಟ್ಟ ಕನಸು ಬೀಳಲು ಶುರುವಾಯಿತು. ಇದಕ್ಕಿಂತ ಸುಮ್ಮನಿರುವುದೇ ಮೇಲು ಅಲ್ವಾ?

ಆಪ್ತಸಲಹೆಗಾರ್ತಿ

ಆ ಹಾಲ್ ಪದ್ಧತಿಗೆ ಡಿಬ್ರೀಫಿಂಗ್ ಎನ್ನುತ್ತಾರೆ. 1983ರಲ್ಲಿ ಅಮೆರಿಕದ ಜೆಫ್ರಿ ಮಿಚೆಲ್ ಇದನ್ನು ತುರ್ತು ಸೇವೆಯವರಿಗಾಗಿ ಬರೆದರು, ಆಮೇಲೆ ಎಲ್ಲ ಕಡೆ ಹಬ್ಬಿತು. ಉದ್ದೇಶ ಒಳ್ಳೆಯದೇ. ಆದರೆ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಒಂದೇ ಸಲ ಕೂರಿಸಿ ಹೇಳಿಸುವುದರಿಂದ ಆಘಾತದ ಕಾಯಿಲೆ ತಪ್ಪುವುದಿಲ್ಲ, ಕೆಲವರಿಗೆ ಹೆಚ್ಚೂ ಆಗಬಹುದು ಎಂದು ಕಂಡಿತು. ಇಂಗ್ಲೆಂಡಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಮಾಡುವ ನೈಸ್ ಸಂಸ್ಥೆ 2005ರಲ್ಲೇ ಇದನ್ನು ಎಲ್ಲರಿಗೂ ಮಾಡಿಸಬೇಡಿ ಎಂದಿತು.

ಹಾಗಂತ ಸುಮ್ಮನಿರುವುದೂ ಸರಿಯಲ್ಲ, ಟವರ್ ಅಣ್ಣಾ. ಬ್ರಿಟನ್ನಿನ ನೌಕಾದಳದ ಯೋಧರಲ್ಲಿ ಹುಟ್ಟಿದ ಟ್ರಿಮ್ ಎಂಬ ಪದ್ಧತಿ ಇದೆ. ಅಲ್ಲಿಂದ ಪೊಲೀಸ್, ಜೈಲು ಇಲಾಖೆಗೂ ಬಂತು. ಅದರಲ್ಲಿ ಹೊರಗಿನ ತಜ್ಞ ಬರುವುದಿಲ್ಲ. ನಿಮ್ಮ ಸಾಲಿನವರೇ ಒಬ್ಬರಿಗೆ ತರಬೇತಿ ಕೊಟ್ಟಿರುತ್ತಾರೆ. ಘಟನೆಯಾಗಿ ಸುಮಾರು ಮೂರು ದಿನದ ಮೇಲೆ ಅವರು ನಿಮ್ಮ ಜೊತೆ ಕೂತು ಮಾತಾಡುತ್ತಾರೆ. ತಿಂಗಳ ಹೊತ್ತಿಗೆ ಇನ್ನೊಮ್ಮೆ. ಚಿಕಿತ್ಸೆ ಕೊಡುವುದು ಅವರ ಕೆಲಸವಲ್ಲ. ಇಳಿಯುತ್ತಿದೆಯಾ, ಏರುತ್ತಿದೆಯಾ ನೋಡುತ್ತಾರೆ, ಏರುತ್ತಿದ್ದರೆ ವೈದ್ಯರ ಕಡೆ ದಾರಿ ತೋರಿಸುತ್ತಾರೆ.

ಮೊದಲ ದಿನ ಬೇಕಾಗುವುದು ತುಂಬಾ ಸಾದಾ. ಆ ಜಾಗದಿಂದ ಹೊರಗೆ ಕರೆತನ್ನಿ, ಕುಡಿಯಲು ನೀರು ಕೊಡಿ, ಮನೆಗೆ ಒಂದು ಫೋನ್ ಮಾಡಿಸಿ, ಹೇಳಿಕೆ ತೆಗೆದುಕೊಳ್ಳುವಾಗ ಪಕ್ಕದಲ್ಲಿ ಒಬ್ಬರಿರಲಿ. ಮಾತಾಡಬೇಕೆನಿಸಿದರೆ ಕೇಳಿ, ಬೇಡವೆಂದರೆ ಒತ್ತಾಯ ಬೇಡ.

ಗೋಪ್ಯತೆಯ ಪ್ರಶ್ನೆಗೆ ಬರುತ್ತೇನೆ. ಕೌನ್ಸೆಲರ್ ಸೂಪರಿಂಟೆಂಡೆಂಟ್‌ಗೆ ವರದಿ ಕೊಡುವ ವ್ಯವಸ್ಥೆ ಇದ್ದರೆ, ಆ ಕೌನ್ಸೆಲರ್ ಇದ್ದೂ ಇಲ್ಲದ ಹಾಗೆ. ನಾನೇ ಅಂಥ ಕಡೆ ಕೆಲಸ ಮಾಡಿ ಬಿಟ್ಟು ಬಂದವಳು. ಕೋಣೆ ಆಡಳಿತ ಕಚೇರಿಯ ಪಕ್ಕದಲ್ಲಿತ್ತು, ಬಾಗಿಲಿಗೆ ಗಾಜು! ಬಂದವರೆಲ್ಲ ‘ಬೆನ್ನುನೋವು’ ಎಂದು ಹೇಳಿ ಎದ್ದು ಹೋಗುತ್ತಿದ್ದರು. ಜೀವಕ್ಕೆ ಅಪಾಯ ಇದೆ ಅನ್ನಿಸಿದಾಗ ಬಿಟ್ಟು ಉಳಿದ ಯಾವ ಮಾತೂ ಹೊರಗೆ ಹೋಗುವುದಿಲ್ಲ ಎಂದು ಬರಹದಲ್ಲಿ ಇರಬೇಕು. ರಾತ್ರಿಪಾಳಿ, ಸದ್ಯಕ್ಕೆ ನೀವು ಇಲಾಖೆಯ ಹೊರಗಿನ ವೈದ್ಯರ ಹತ್ತಿರ ಹೋಗಿ.

ಕುರ್ಚಿಯ ಈ ಕಡೆ

ಗಾಜಿನ ಬಾಗಿಲು ಓದಿ ನಗು ಬಂತು, ನಮ್ಮಲ್ಲೂ ಹಾಗೇ ಇದೆ. ಆಯುಧದ ವಿಷಯಕ್ಕೆ ಏನು ಹೇಳುತ್ತೀರಿ ಮೇಡಂ?

ಆಪ್ತಸಲಹೆಗಾರ್ತಿ

ಅಪಾಯ ಇದ್ದರೆ ತೆಗೆಯಲೇಬೇಕು ಸರ್, ಅದರಲ್ಲಿ ರಾಜಿ ಇಲ್ಲ. ಕೆಟ್ಟ ಗಳಿಗೆ ದಾಟುವ ತನಕ ಆಯುಧ ಕೈಗೆಟುಕದಿದ್ದರೆ ಜೀವ ಉಳಿಯುತ್ತದೆ. ತೆಗೆಯುವ ರೀತಿ ಬದಲಾಗಲಿ. ಎಲ್ಲರ ಮುಂದೆ ಬೆಲ್ಟ್ ಬಿಚ್ಚಿಸಬೇಡಿ. ಸ್ವಲ್ಪ ದಿನ ಕಚೇರಿ ಕೆಲಸ ಎಂದು ಹಾಕಿ. ಬೇರೆ ಕಾರಣಕ್ಕೂ ಜನ ಆ ಕೆಲಸಕ್ಕೆ ಹೋಗಿ ಬರುತ್ತಿದ್ದರೆ ಅದಕ್ಕೆ ಕಳಂಕ ಇರುವುದಿಲ್ಲ. ಯಾವಾಗ, ಯಾರು ನೋಡಿ ವಾಪಸ್ ಕೊಡುತ್ತಾರೆ ಎಂದು ಮೊದಲೇ ಹೇಳಿ. ವಾಪಸ್ ಬರುವ ದಾರಿ ಕಂಡರೆ ಜನ ತಾವಾಗಿ ಬಂದು ಹೇಳುತ್ತಾರೆ.

ಹೊಸಬ್ಯಾಚ್

ನಾರ್ವೆಯಲ್ಲಿ ಇದೆಲ್ಲ ಚೆನ್ನಾಗಿದೆಯಂತೆ, ನಿಜವಾ ಸರ್?

ಹಳೇ ಕಾಗದ

ಅಲ್ಲಿ ಜೈಲು ಅಧಿಕಾರಿಯಾಗಲು ಎರಡು ವರ್ಷ ಕಾಲೇಜಿನಲ್ಲಿ ಓದಬೇಕು, ಓದುವಾಗ ಸಂಬಳವೂ ಇದೆ. ಪ್ರತಿ ಅಧಿಕಾರಿಗೆ ಇಂತಿಷ್ಟು ಬಂದಿಗಳ ಜವಾಬ್ದಾರಿ, ಅವರ ಜೊತೆ ಮಾತಾಡುವುದೇ ಕೆಲಸದ ದೊಡ್ಡ ಭಾಗ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಜೈಲಿನಲ್ಲಿ 2022ರಲ್ಲಿ ಆ ಮಾದರಿಯ ಒಂದು ಬ್ಲಾಕ್ ತೆರೆದರು. ಆದರೆ ಮಾದರಿ ಎಂದು ಗೋಡೆಯ ಬಣ್ಣ, ಪೀಠೋಪಕರಣ ನಕಲು ಮಾಡಿ ಸಿಬ್ಬಂದಿ ಸಂಖ್ಯೆಯನ್ನು ಬಿಟ್ಟರೆ ಏನೂ ಆಗದು.

ಅಷ್ಟು ದೂರ ಹೋಗುವುದೂ ಬೇಡ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳನ್ನು ಎಲ್ಲರೂ ಬಂದಿಗಳ ಹಕ್ಕು ಎಂದಷ್ಟೇ ಓದುತ್ತಾರೆ. 74ನೇ ನಿಯಮ ನಮ್ಮ ಬಗ್ಗೆ. ಈ ಕೆಲಸ ಕಠಿಣವಾದ್ದರಿಂದ ಸಂಬಳ ಸಾಕಷ್ಟಿರಬೇಕು, ಸೇವಾ ಸೌಲಭ್ಯ ಅದಕ್ಕೆ ತಕ್ಕಂತಿರಬೇಕು ಎಂದಿದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೆಲಸದ ಜಾಗದ ಮಾನಸಿಕ ಆರೋಗ್ಯಕ್ಕೆ ಮಾರ್ಗಸೂಚಿ ತಂದಾಗಲೂ ನೌಕರನ ತರಬೇತಿ ಜೊತೆಗೆ ಕೆಲಸದ ವ್ಯವಸ್ಥೆ ಬದಲಿಸುವುದನ್ನೂ, ಮೇಲಧಿಕಾರಿಗೆ ತರಬೇತಿ ಕೊಡುವುದನ್ನೂ ಸೇರಿಸಿತು. ಶಿಬಿರಕ್ಕೆ ಮೊದಲು ಸಾಹೇಬರು ಹೋಗಲಿ ಅಂತ ನಾನು ಹೇಳಿದರೆ ಕೊಂಕು, ಅವರು ಹೇಳಿದರೆ ಮಾರ್ಗಸೂಚಿ.

ರಾತ್ರಿಪಾಳಿ

ಎಲ್ಲ ಓದಿದೆ. ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಹೊರಗಿನ ವೈದ್ಯರ ಹತ್ತಿರ ಸಮಯ ತೆಗೆದುಕೊಂಡಿದ್ದೇನೆ.

ನಮ್ಮ ಬ್ಲಾಕಿನ ಕೆಲವರು ಸೇರಿ ಒಂದು ಅರ್ಜಿ ಕೊಡೋಣ ಎಂದಿದ್ದೇವೆ. ಕೇಳುವುದು ಮೂರೇ. ಶಿಬಿರದ ದಿನವನ್ನು ಡ್ಯೂಟಿ ಎಂದು ಲೆಕ್ಕ ಹಾಕಬೇಕು. ಸಾವು ಅಥವಾ ದೊಡ್ಡ ಗಲಾಟೆ ನೋಡಿದವರನ್ನು ಮುಂದಿನ ಕೆಲವು ಪಾಳಿ ಅದೇ ಜಾಗಕ್ಕೆ ಹಾಕಬಾರದು, ಅವರೇ ಬೇಕೆಂದು ಕೇಳಿದರೆ ಬೇರೆ. ಘಟನೆಯಾದ ಮೂರನೇ ದಿನ ಮತ್ತು ತಿಂಗಳ ಹೊತ್ತಿಗೆ ಇನ್ನೊಮ್ಮೆ ವಿಚಾರಿಸಲು ನಮ್ಮಲ್ಲೇ ಇಬ್ಬರಿಗೆ ತರಬೇತಿ ಕೊಡಿಸಬೇಕು. ‘ನಾವು ತೀವ್ರ ಮಾನಸಿಕ ಒತ್ತಡದಿಂದ ಬಳಲುತ್ತಿದ್ದೇವೆ’ ಎಂದು ಶುರುಮಾಡಿದ್ದೇನೆ. ಸರಿ ಇದೆಯಾ?

ಕುರ್ಚಿಯ ಈ ಕಡೆ

ಆ ಮೊದಲ ಸಾಲು ತೆಗೆದುಬಿಡಿ. ಅದನ್ನು ಓದಿದ ತಕ್ಷಣ ನನ್ನಂಥವನು ಎಲ್ಲರನ್ನೂ ವೈದ್ಯಕೀಯ ತಪಾಸಣೆಗೆ ಕಳಿಸಿ ಫೈಲ್ ಮುಚ್ಚುತ್ತಾನೆ. ‘ರಾತ್ರಿ ಪಾಳಿಯಲ್ಲಿ ಬಂದಿಗಳ ಸುರಕ್ಷತೆ ಮತ್ತು ಕಾವಲಿನ ಗುಣಮಟ್ಟದ ಹಿತದೃಷ್ಟಿಯಿಂದ’ ಎಂದು ಶುರುಮಾಡಿ. ಸುಳ್ಳೂ ಅಲ್ಲ. ಎರಡನೇ ಬೇಡಿಕೆಯಲ್ಲಿ ‘ಹಾಕಬಾರದು’ ಬದಲು ‘ಸಾಧ್ಯವಾದ ಮಟ್ಟಿಗೆ’ ಸೇರಿಸಿದರೆ ಸಹಿ ಬೇಗ ಬೀಳುತ್ತದೆ.

ಮಹಿಳಾ ವಾರ್ಡರ್

‘ಸಾಧ್ಯವಾದ ಮಟ್ಟಿಗೆ’ ಅಂದರೆ ಯಾವತ್ತೂ ಸಾಧ್ಯವಾಗುವುದಿಲ್ಲ ಸರ್, ನಿಮಗೇ ಗೊತ್ತು. ಅದನ್ನು ಸೇರಿಸಬೇಡಿ ತಮ್ಮಾ. ಮತ್ತೆ, ‘ಸಾವು ಅಥವಾ ದೊಡ್ಡ ಗಲಾಟೆ’ ಜೊತೆಗೆ ಮಗುವನ್ನು ತಾಯಿಯಿಂದ ಬೇರೆ ಮಾಡಿ ಕಳಿಸುವುದನ್ನೂ ಬರೆಯಿರಿ. ನಮ್ಮ ಬ್ಲಾಕಿನವರ ಸಹಿಯೂ ಸಿಗುತ್ತದೆ.

ನಿವೃತ್ತ ಹೆಡ್‌ವಾರ್ಡರ್

ಒಬ್ಬನ ಹೆಸರು ಮೊದಲು ಕಾಣುವ ಹಾಗೆ ಸಹಿ ಹಾಕಬೇಡಿ, ಅವನಿಗೇ ವರ್ಗ ಬೀಳುತ್ತದೆ. ಸುತ್ತಲೂ ಗುಂಡಗೆ ಹಾಕಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ದಿನಾಂಕ ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಬನ್ನಿ.